ಸಹಾಯರಾಜ್ ಅವರ ಎಡಗೈ

ಕಳೆದ ವರ್ಷ ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪುಟ್ಟ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಆಟೊ, ಅದರೊಳಗೆ ತಲೆಗೆ ಸೆರಗು ಹೊದ್ದ ಸಹಾಯಮೇರಿ. ಅದರ ಬೆನ್ನಿಗೇ ಬೆಳ್ಳಿ ಬಣ್ಣದ ದೊಡ್ಡ ಕಾರು, ಅದರೊಳಗೆ ಮುಖ ಗಂಟು ಹಾಕಿಕೊಂಡ ಅವರ ಗಂಡ ಸಹಾಯರಾಜ್. ಇಬ್ಬರೂ ಹೋಗುವುದು ಒಂದೇ ಚರ್ಚಿಗೆ, ಒಂದೇ ಬಲಿಪೂಜೆಗೆ, ಕೂರುವುದೂ ಒಂದೇ ಬೆಂಚಿನಲ್ಲಿ. ಪೂಜೆ ಮುಗಿದ ಮೇಲೆ ಮತ್ತೆ ಮುಂದೆ ಆಟೊ, ಹಿಂದೆ ಕಾರು. ಬೀದಿಯವರು ಮೊದಮೊದಲು ನಕ್ಕರು, ಆಮೇಲೆ ಅವರಿಗೆ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದವರು ಸಹಾಯರಾಜ್ ಒಬ್ಬರೇ.

ಗಂಡ ಹೆಂಡತಿ ಜಗಳವಾಡಿದ್ದರು ಎಂದುಕೊಳ್ಳಬೇಡಿ. ಮನೆಯಲ್ಲಿ ಮಾತು, ಊಟ, ಔಷಧಿ ನೆನಪಿಸುವುದು ಎಲ್ಲ ಮೊದಲಿನಂತೆಯೇ ನಡೆದಿತ್ತು. ಆದರೆ ಸಹಾಯಮೇರಿ ಆ ಕಾರಿಗೆ ಕಾಲಿಡುವುದಿಲ್ಲ ಎಂದಿದ್ದರು, ಇಡುತ್ತಿರಲಿಲ್ಲ. ಹೆಸರಲ್ಲಿ ಇಬ್ಬರಿಗೂ ಸಹಾಯವಿತ್ತು. ಹಟದಲ್ಲಿಯೂ ಇಬ್ಬರೂ ಸರಿಸಮ.

ಸಹಾಯರಾಜ್ ಮೂವತ್ತೆರಡು ವರ್ಷ ಸರ್ಕಾರಿ ಜೀಪು ಓಡಿಸಿ ನಿವೃತ್ತರಾದವರು. ಆ ಮೂವತ್ತೆರಡು ವರ್ಷದಲ್ಲಿ ಅವರು ಸಾಹೇಬರುಗಳನ್ನು, ಸಾಹೇಬರ ಹೆಂಡತಿಯರನ್ನು, ಹೆಂಡತಿಯರ ತಂಗಿಯರನ್ನು, ಒಮ್ಮೆ ಒಬ್ಬ ಸಾಹೇಬರ ನಾಯಿಯನ್ನೂ ಕೂರಿಸಿಕೊಂಡು ಮೈಸೂರು ಸುತ್ತಿಸಿದ್ದರು. ತಮ್ಮ ಸ್ವಂತ ಹೆಂಡತಿ ಮಾತ್ರ ಎರಡು ಹೆರಿಗೆಗೂ ಆಟೊದಲ್ಲಿ ಹೋಗಿ, ಮಗುವನ್ನೆತ್ತಿಕೊಂಡು ಸಿಟಿ ಬಸ್ಸಿನಲ್ಲಿ ವಾಪಸು ಬಂದಿದ್ದರು. ಸರ್ಕಾರಿ ಗಾಡಿಗೆ ಮನೆಯವರನ್ನು ಹತ್ತಿಸಬಾರದು ಎಂಬ ನಿಯಮವನ್ನು ಇಡೀ ಇಲಾಖೆಯಲ್ಲಿ ಪಾಲಿಸಿದವರು ಬಹುಶಃ ಇವರೊಬ್ಬರೇ. ಆಗೆಲ್ಲ ಅವರು ಹೆಂಡತಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ರಿಟೈರ್ ಆಗ್ಲಿ ಕಣೇ, ನಮ್ದೇ ಕಾರಲ್ಲಿ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಚರ್ಚಿಗೆ ಕರ್ಕೊಂಡೋಗ್ತೀನಿ."

ಅಂಥ ಕಾರು ಈಗ ಮನೆ ಮುಂದೆ ನಿಂತಿತ್ತು. ಪಕ್ಕದ ಸೀಟು ಖಾಲಿ ಇತ್ತು.

ಅವರಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಯಾರು ಓಡಿಸಿದರೂ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುವ ಜೀಪು ಇವರ ಕೈಯಲ್ಲಿ ಹನ್ನೊಂದು ಕೊಡುತ್ತಿತ್ತು. ಇಳಿಜಾರು ಕಂಡರೆ ಸಾಕು, ಎಡಗೈ ಗೇರನ್ನು ನ್ಯೂಟ್ರಲ್‌ಗೆ ತಳ್ಳುತ್ತಿತ್ತು. ಸಿಗ್ನಲ್ಲಿನ ಕೆಂಪು ದೀಪ ದೂರದಲ್ಲಿ ಕಂಡರೂ ಅಷ್ಟೆ. ಇದು ಅವರೊಬ್ಬರ ಚಟವಲ್ಲ, ಅವರ ಕಾಲದ ಚಾಲಕರೆಲ್ಲರ ವೇದವಾಕ್ಯ. ಎಷ್ಟರಮಟ್ಟಿಗೆಂದರೆ, ಇವರೂ ಸೇರಿದ ನಿವೃತ್ತ ಚಾಲಕರ ಒಂದು ಗುಂಪು ಬೆಳಿಗ್ಗೆ ಬೆಟ್ಟದ ಮೇಲೆ ವಾಕಿಂಗ್ ಹೋಗಿ, ಗಾಡಿಯಲ್ಲಿ ಇಳಿಯುವಾಗ ಪಂದ್ಯ ಕಟ್ಟುತ್ತಿತ್ತು. ನಂದಿಯ ತಿರುವಿನಲ್ಲಿ ನ್ಯೂಟ್ರಲ್ ಹಾಕಬೇಕು, ಮತ್ತೆ ಗೇರು ಮುಟ್ಟಬಾರದು. ತಪ್ಪಲಿನ ತಾವರೆಕಟ್ಟೆ ದಾಟಿ ಯಾರ ಗಾಡಿ ಹೆಚ್ಚು ದೂರ ಉರುಳುತ್ತದೋ ಅವರು ಗೆದ್ದಂತೆ. ಸೋತವರು ಎಲ್ಲರಿಗೂ ಕಾಫಿ ಕುಡಿಸಬೇಕು. ಅರವತ್ತು ದಾಟಿದ ಗಂಡಸರಿಗೆ ಬೆಟ್ಟದಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲವೆ ಎಂದು ಕೇಳಬೇಡಿ, ಇರಲಿಲ್ಲ.

ಕಾರು ಕೊಂಡದ್ದೂ ಇದೇ ಮೈಲೇಜಿನ ಹುಚ್ಚಿನಿಂದ. ಗೋಕುಲಂನಲ್ಲಿ ಸುದರ್ಶನ ಎಂಬ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಎಂಟು ವರ್ಷ ಓಡಿಸಿದ ಹೈಬ್ರಿಡ್ ಕಾರನ್ನು ಮಾರುತ್ತಿದ್ದಾರೆಂದು ಯಾರೋ ಹೇಳಿದರು. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು, ಇಷ್ಟು ದೊಡ್ಡ ಕಾರು ಲೀಟರಿಗೆ ಇಪ್ಪತ್ತು ಕೊಡುತ್ತದೆ. ಸಹಾಯರಾಜ್ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದೇ ವಾರದಲ್ಲಿ ಕಾರು ಒಂಟಿಕೊಪ್ಪಲಿಗೆ ಬಂತು. ಮೇಷ್ಟ್ರು ಕೀಲಿಯ ಜೊತೆಗೆ ಒಂದು ದಪ್ಪ ಫೈಲನ್ನೂ ಕೊಟ್ಟು, "ಇದನ್ನ ಒಂದ್ಸಲ ಓದ್ಬಿಡಿ, ಈ ಕಾರು ಬೇರೆ ಥರ" ಎಂದಿದ್ದರು. ಮೂವತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಮೇಷ್ಟ್ರು ಪಾಠ ಹೇಳುವುದೆ? ಫೈಲು ಬೀರುವಿನ ಮೇಲೆ ಹೋಗಿ ಕುಳಿತಿತು.

ಮೊದಲ ತಿಂಗಳು ಸ್ವರ್ಗ. ಭಾರದ ಕಾರು, ಸದ್ದೇ ಇಲ್ಲ, ಬೆಟ್ಟದಿಂದ ಉರುಳಿದರೆ ತಾವರೆಕಟ್ಟೆ ದಾಟಿ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಗೆಳೆಯ ಸಿದ್ದಪ್ಪಾಜಿ ತಮ್ಮ ಹಳೆಯ ಪುಟ್ಟ ಕಾರಿನಲ್ಲಿ ಸೋತು ಸೋತು ಕಾಫಿ ಕುಡಿಸಿದ್ದೇ ಕುಡಿಸಿದ್ದು. ಎರಡನೆಯ ತಿಂಗಳು ಬ್ರೇಕ್ ಒತ್ತಿದಾಗಲೆಲ್ಲ ಬಾನೆಟ್ಟಿನ ಒಳಗಿನಿಂದ ಗುರ್ ಎಂಬ ಸದ್ದು ಬರತೊಡಗಿತು. ಮೂರನೆಯ ತಿಂಗಳು ಒಂದು ಹಳದಿ ದೀಪ ಹತ್ತಿತು. ಸಹಾಯರಾಜ್ ಅದರ ಮೇಲೆ ಪುಟ್ಟದೊಂದು ಏಸುವಿನ ಚಿತ್ರ ಅಂಟಿಸಿದರು.

ನಾಲ್ಕನೆಯ ತಿಂಗಳು, ಕೊಡೈಕೆನಾಲಿನಿಂದ ಬಂದಿದ್ದ ನಾದಿನಿಗೆ ಬೆಟ್ಟ ತೋರಿಸಿ ಇಳಿಯುವಾಗ, ಏಸುವಿನ ಚಿತ್ರದ ಪಕ್ಕದಲ್ಲಿ ಕೆಂಪು ದೀಪ ಹತ್ತಿ ಕಾರು ಕೀಂ ಎಂದು ಕಿರುಚಿಕೊಂಡಿತು. ಬ್ರೇಕ್ ಪೆಡಲ್ಲು ಕಲ್ಲಾಯಿತು. ಮುಂದೆ ಜನ ತುಂಬಿದ ಸಿಟಿ ಬಸ್ಸು. ಸಹಾಯರಾಜ್ ಸೀಟಿನಿಂದ ಎದ್ದು ಪೆಡಲ್ಲಿನ ಮೇಲೆ ನಿಂತರು, ಹ್ಯಾಂಡ್‌ಬ್ರೇಕನ್ನು ಕಿತ್ತು ಬರುವಂತೆ ಎಳೆದರು. ಬಸ್ಸಿಗೆ ಒಂದು ಮೊಳ ಇರುವಾಗ ಕಾರು ನಿಂತಿತು. ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಹಾಯಮೇರಿ ಕೆಳಗಿಳಿದು, ತಂಗಿಯ ಕೈ ಹಿಡಿದುಕೊಂಡು, ಅದೇ ಬಸ್ಸನ್ನು ಹತ್ತಿದರು.

ಅಂದು ಸಂಜೆ ಅವರು ಹೇಳಿದ್ದು ಇಷ್ಟೆ: "ನಾನು ಸಾಯಕ್ಕೆ ಹೆದರಲ್ಲ ಕಣ್ರೀ. ಆದ್ರೆ ಪೆಟ್ರೋಲ್ ಉಳಿಸಕ್ಕೆ ಸಾಯಲ್ಲ."

ಕಾರನ್ನು ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಹೋದದ್ದಾಯಿತು. ಕುತ್ತಿಗೆಗೆ ಟೈ ಬಿಗಿದ ಒಬ್ಬ ಅಧಿಕಾರಿ ಕೈಯಲ್ಲಿದ್ದ ಪರದೆ ತೋರಿಸಿ, ಬ್ರೇಕಿಗೆ ಒತ್ತಡ ಕೊಡುವ ಪಂಪು ಸತ್ತಿದೆ, ಅದೊಂದೇ ಬಿಡಿಯಾಗಿ ಸಿಗುವುದಿಲ್ಲ, ಇಡೀ ಅಸೆಂಬ್ಲಿ ಬದಲಾಯಿಸಬೇಕು, ಒಂದು ಲಕ್ಷದ ತೊಂಬತ್ತೆರಡು ಸಾವಿರ ಎಂದ.

"ಎಷ್ಟು?"

"ಒಂದು ತೊಂಬತ್ತೆರಡು ಸರ್. ಲೇಬರ್ ಬೇರೆ."

"ಅಷ್ಟಕ್ಕೆ ನಮ್ಮ ಕಾಲದಲ್ಲಿ ನಾಲ್ಕು ಜೀಪ್ ಬರ್ತಿದ್ವು ಕಣಪ್ಪ! ಒಂದು ವಾಷರ್ ಹೋದ್ರೆ ವಾಷರ್ ಹಾಕ್ಬೇಕು. ಹಲ್ಲು ನೋವು ಅಂದ್ರೆ ತಲೆ ಬದ್ಲಾಯಿಸ್ತೀರಾ ನೀವು?"

ಅವನು ನಗಲಿಲ್ಲ. ಅವನಿಗೆ ದಿನಕ್ಕೆ ಹತ್ತು ಜನ ಹೀಗೆ ಹೇಳುತ್ತಿದ್ದರೋ ಏನೋ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಸಹಾಯರಾಜ್ ಚಿಕ್ಕಂದಿನಿಂದ ಕೇಳಿದ್ದರು, ಅಂದು ಮೂಗಿನಲ್ಲೇ ಅನುಭವಿಸಿದರು. ಮಹಡಿ ಮೇಲೆ ಒಂದು ಕೋಣೆ ಕಟ್ಟಿಸಲು ಇಟ್ಟಿದ್ದ ಹಣ ಬ್ರೇಕಿನ ಪಾಲಾಯಿತು.

ಹೊಸ ಪಂಪು ಕೂತ ಮೇಲೆ ಅವರು ಕಾರಿನ ಎಡಬಾಗಿಲು ತೆರೆದು ಹಿಡಿದು ಹೆಂಡತಿಯನ್ನು ಕರೆದರು. ಸಹಾಯಮೇರಿ ಸೀಟನ್ನೂ ನೋಡಿದರು, ಗಂಡನನ್ನೂ ನೋಡಿದರು. "ಆರು ತಿಂಗಳು ಸುಮ್ನೆ ಓಡ್ಲಿ. ಆಮೇಲೆ ನೋಡೋಣ" ಎಂದು ಆಟೊ ಕರೆದರು. ಮೆರವಣಿಗೆ ಶುರುವಾದದ್ದು ಹೀಗೆ. ಸಹಾಯರಾಜ್ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಎಣಿಸತೊಡಗಿದರು. ಒಂದು, ಎರಡು, ಮೂರು, ನಾಲ್ಕು, ಐದು. ಇನ್ನು ಮೂರೇ ವಾರ ಉಳಿದಿದೆ ಎನ್ನುವಾಗ ಬಾನೆಟ್ಟು ಮತ್ತೆ ಗುರ್ ಎಂದಿತು. ಮಾರನೆಯ ದಿನ ಹಳದಿ ದೀಪ.

ಸಹಾಯರಾಜ್ ಅವರಿಗೆ ಮೈ ಪರಚಿಕೊಳ್ಳುವಂತಾಯಿತು. ಕಾರಿನ ಟೈರಿಗೆ ಒದ್ದರು, ಕಾಲಿಗೇ ನೋವಾಯಿತು. ಕಾರು ಮಾಡಿದವರನ್ನು ಬೈದರು, ಜಪಾನನ್ನು ಬೈದರು, ಟೈ ಕಟ್ಟಿದ ಅಧಿಕಾರಿಯನ್ನು ಬೈದರು, ಕಾರಿನ ಸುದ್ದಿ ತಂದವನನ್ನು ಹೆಸರು ನೆನಪಿಗೆ ಬಾರದಿದ್ದರೂ ಬೈದರು.

ಆಗಲೇ ಮಗ ವಿಲ್ಸನ್ ಬಂದ. ಅವನಿದ್ದದ್ದು ಊರಿನ ಆಚೆ ತುದಿಯಲ್ಲಿ, ಆಸ್ಪತ್ರೆಯೊಂದರಲ್ಲಿ ನರ್ಸು. ಮೆದುವಾಗಿ ಮಾತಾಡುವವನು, ಅದೇ ಹೆಚ್ಚು ರೇಗಿಸುವಂಥದ್ದು.

"ಅಪ್ಪಾ, ಹೊಸ ಪಂಪೂ ಐದು ತಿಂಗ್ಳಲ್ಲಿ ಹೋಗತ್ತಾ? ಒಂದ್ಸಲ ಕಾಲಿನ ನರ ಟೆಸ್ಟ್ ಮಾಡಿಸೋಣ. ಅರವತ್ಮೂರು ಆಯ್ತು ನಿಮ್ಗೆ."

"ನನ್ ಕಾಲಿಗೇನಾಗಿದೆಯೋ?"

"ಬೇಜಾರ್ ಮಾಡ್ಕೋಬೇಡಿ. ಕಾರಿಗೆ ಒಬ್ರು ಗಿರಾಕಿ ನೋಡಿದೀನಿ. ತಿಂಗಳ ಕೊನೇಲಿ ಕೊಟ್ಬಿಡೋಣ. ಡ್ರೈವಿಂಗ್ ಸಾಕು ಇನ್ನ."

ಡ್ರೈವಿಂಗ್ ಸಾಕು. ಆ ಎರಡು ಪದ ಸಹಾಯರಾಜ್ ಅವರ ಎದೆಗೆ ನಾಟಿದವು. ಕಾರು ಹೋದರೆ ಹೋಗಲಿ, ಹಾಳಾಗಲಿ. ಆದರೆ ಹೆಂಡತಿಗೆ ಕೊಟ್ಟ ಒಂದೇ ಒಂದು ಮಾತು ಉಳಿಸಿಕೊಳ್ಳದೆ, ಕಾಲು ಸತ್ತ ಮುದುಕ ಎನ್ನಿಸಿಕೊಂಡು ಕೀಲಿ ಒಪ್ಪಿಸುವುದೆ? ತಪ್ಪು ಕಾರಿನದು, ಕಾಲಿನದಲ್ಲ ಎಂದು ತೋರಿಸಲೇಬೇಕು. ಅವರು ಬೀರುವಿನ ಮೇಲಿದ್ದ ಫೈಲನ್ನು ಧೂಳು ಸಮೇತ ಎಳೆದುಕೊಂಡು ನೇರ ಗೋಕುಲಂಗೆ ಹೋದರು.

ಸುದರ್ಶನ ಮೇಷ್ಟ್ರು ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು. ಎದುರುಮನೆಯ ಯೋಗಶಾಲೆಯಿಂದ ಚಾಪೆ ಸುತ್ತಿಕೊಂಡು ಹೊರಬರುತ್ತಿದ್ದ ಏಳೆಂಟು ವಿದೇಶೀಯರ ಎದುರಿಗೇ ಸಹಾಯರಾಜ್ ಕೂಗಾಡಿದರು. "ಕೆಟ್ಟೋಗಿರೋ ಗಾಡಿ ತಲೆಗೆ ಕಟ್ಟಿದ್ರಿ! ಮೇಷ್ಟ್ರಾಗಿ ಮೋಸ ಮಾಡ್ಬುಟ್ರಲ್ಲ ಸ್ವಾಮಿ!" ವಿದೇಶೀಯರಿಗೆ ಕನ್ನಡ ತಿಳಿಯಲಿಲ್ಲ, ಆದರೆ ವಿಷಯ ಚೆನ್ನಾಗಿ ತಿಳಿಯಿತು.

ಮೇಷ್ಟ್ರು ನಲ್ಲಿ ನಿಲ್ಲಿಸಿದರು. "ಎಂಟು ವರ್ಷದಲ್ಲಿ ನಾನು ಬ್ರೇಕ್ ಪ್ಯಾಡ್ ಬದಲಾಯಿಸಿದ್ದು ಒಂದೇ ಸಲ. ಎಲ್ಲ ರಸೀತಿ ಆ ಫೈಲಿನಲ್ಲಿದೆ. ಕಾರು ಸರ್ವಿಸ್ ಮಾಡ್ತಿದ್ದ ಹುಡುಗಿ ನಂಬರೂ ಮೊದಲನೇ ಹಾಳೆಯಲ್ಲೇ ಇದೆ. ಅಶೋಕಪುರಂ. ಅವಳ ಹತ್ರ ಹೋಗಿ. ಅವಳು ಕಾರು ಕೆಟ್ಟಿತ್ತು ಅಂದ್ರೆ ನಾನು ಹಣ ವಾಪಸ್ ಕೊಡ್ತೀನಿ."

ಆ ಹುಡುಗಿ ಭಾನುಪ್ರಿಯಾ. ಡಿಪ್ಲೊಮಾ ಮಾಡಿ, ದೊಡ್ಡ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು, ಈಗ ತಾಯಿ ಚಲುವಮ್ಮನ ಮನೆಯ ಪಕ್ಕದಲ್ಲೇ ಶೆಡ್ಡು ಹಾಕಿಕೊಂಡಿದ್ದಳು. ಗೋಡೆಯ ಮೇಲೆ ಅಂಬೇಡ್ಕರರ ಫೋಟೊ, ಬುದ್ಧನ ಫೋಟೊ, ಕೆಳಗೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ಸಹಾಯರಾಜ್ ಅರ್ಧ ಗಂಟೆ ಕಾರನ್ನು ದೂರಿದರು. ಅವಳು ಚಕ್ರ ಬಿಚ್ಚಿ ನೋಡಿದಳು. ಪ್ಯಾಡು ಕಾಗದದಷ್ಟು ತೆಳುವಾಗಿತ್ತು, ಡಿಸ್ಕು ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ತೆಳುವಾದ ಪ್ಯಾಡು ತೆಗೆದು ಹೊಸದು ಹಾಕಿ, ಬ್ರೇಕ್ ಎಣ್ಣೆ ಬದಲಿಸಿ, ಕೈ ಒರೆಸಿಕೊಂಡು ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ ಪಕ್ಕದ ಸೀಟಿನಲ್ಲಿ ಕುಳಿತಳು.

"ಬೆಟ್ಟಕ್ಕೆ ನಡೀರಿ ಅಂಕಲ್. ದಿನಾ ಹೆಂಗ್ ಓಡಿಸ್ತೀರೋ ಹಂಗೇ ಓಡ್ಸಿ. ನಾನಿದೀನಿ ಅಂತ ಏನೂ ಬದ್ಲಾಯಿಸ್ಬೇಡಿ."

ಸಹಾಯರಾಜ್ ಓಡಿಸಿದರು. ಕಾಲು ಎಷ್ಟು ಗಟ್ಟಿಯಿದೆಯೆಂದು ಅವಳೂ ನೋಡಲಿ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸಿದರು. ಹತ್ತುವಾಗ ಕಾರು ಹೂವಿನಂತೆ ಹತ್ತಿತು. ಮೇಲೆ ಹೋಗಿ ತಿರುಗಿಸಿಕೊಂಡು ಇಳಿಯತೊಡಗಿದರು. ನಂದಿಯ ತಿರುವು ದಾಟಿದ್ದೇ ತಡ, ಅವಳು ಪರದೆಯಿಂದ ತಲೆಯೆತ್ತಿದಳು.

"ಅಂಕಲ್, ಈಗ ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ವಲ್ಲಮ್ಮ."

"ನಿಮ್ಮ ಎಡಗೈ ನೋಡ್ಕೊಳ್ಳಿ."

ಸಹಾಯರಾಜ್ ನೋಡಿಕೊಂಡರು. ಕೈ ಗೇರಿನ ಮೇಲಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು. ಅದು ಯಾವಾಗ ಹೋಯಿತು, ಯಾವಾಗ ತಳ್ಳಿತು, ಅವರಿಗೆ ದೇವರಾಣೆಗೂ ತಿಳಿದಿರಲಿಲ್ಲ. ಬಲಗಾಲು ಅಷ್ಟರಲ್ಲಿ ಹಳೆಯ ಜೀಪಿನ ಬ್ರೇಕನ್ನು ಒತ್ತಿದಂತೆ ಪೆಡಲ್ಲನ್ನು ಟಪ ಟಪ ತುಳಿಯುತ್ತಿತ್ತು. ತುಳಿದಾಗಲೆಲ್ಲ ಪಂಪು ಗುರ್ ಎನ್ನುತ್ತಿತ್ತು.

ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದಳು. "ಗೇರಲ್ಲಿ ಬಿಟ್ರೆ ಇಳಿಜಾರಲ್ಲಿ ಈ ಕಾರಿನ ಮೋಟಾರೇ ಬ್ರೇಕ್ ಕೆಲ್ಸ ಮಾಡ್ತದೆ ಅಂಕಲ್. ಕಾರನ್ನ ಹಿಡ್ಕೊಂಡಂಗೂ ಆಯ್ತು, ಬ್ಯಾಟರಿ ತುಂಬ್ದಂಗೂ ಆಯ್ತು. ನೀವು ನ್ಯೂಟ್ರಲ್ ಹಾಕಿದ ತಕ್ಷಣ ಮೋಟಾರು ಕೈ ಬಿಟ್ಬುಡ್ತದೆ. ಆಮೇಲೆ ಇಷ್ಟು ಭಾರಾನೂ ಪ್ಯಾಡು, ಪಂಪೇ ಹೊರ್ಬೇಕು. ಅದ್ರ ಮೇಲೆ ನೀವು ಇಷ್ಟು ಸಲ ತುಳಿದ್ರೆ ಅದಕ್ಕೆ ಉಸಿರಾಡಕ್ಕೂ ಬಿಡುವಿಲ್ಲ. ದಿನಾ ಬೆಟ್ಟ ಇಳಿಯೋದು ಹಿಂಗೇನಾ?"

"ದಿನಾ" ಎಂದರು ಸಹಾಯರಾಜ್. ಕೊನೆಯ ಆಸೆಯಂತೆ ಕೇಳಿದರು: "ಪೆಟ್ರೋಲಾದ್ರೂ ಉಳೀತಲ್ಲಮ್ಮ?"

"ಇಳಿಜಾರಲ್ಲಿ ಈ ಕಾರಿನ ಇಂಜಿನ್ನು ತಾನೇ ಆಫ್ ಆಗಿರ್ತದೆ. ನ್ಯೂಟ್ರಲ್ ಹಾಕಿ ನೀವು ಒಂದು ತೊಟ್ಟೂ ಉಳಿಸಿಲ್ಲ."

ಒಂದು ಲಕ್ಷ ತೊಂಬತ್ತೆರಡು ಸಾವಿರ. ಲೇಬರ್ ಬೇರೆ. ಒಂದು ತೊಟ್ಟೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರು ಇಡೀ ಜಪಾನೇ ಡೊಂಕು ಎಂದಿದ್ದರು. ಸಹಾಯರಾಜ್ ಅವರಿಗೆ ಅಳುವಷ್ಟು ಅವಮಾನವಾಯಿತು, ನಗುವಷ್ಟು ಸಿಟ್ಟು ಬಂತು, ಸಿಟ್ಟು ತೀರಿಸಿಕೊಳ್ಳಲು ತಮ್ಮ ಎಡಗೈ ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಪಂಪು ಇನ್ನೂ ಪೂರ್ತಿ ಹೋಗಿಲ್ಲ, ಕೈ ಸುಮ್ಮನಿದ್ದರೆ ವರ್ಷಗಟ್ಟಲೆ ಬರುತ್ತದೆ ಎಂದು ಭಾನುಪ್ರಿಯಾ ದೀಪ ಆರಿಸಿ ಕಳಿಸಿದಳು.

ದಾರಿಯಲ್ಲಿ ಅವರು ಗೋಕುಲಂಗೆ ತಿರುಗಿಸಿದರು. ಮೇಷ್ಟ್ರ ಗೇಟಿನ ಹೊರಗೇ ನಿಂತು, "ತಪ್ಪಾಯ್ತು ಸರ್. ಕಾರು ಸರಿಯಾಗೇ ಇತ್ತು" ಎಂದರು. ಕೂಗಿದ್ದು ಹತ್ತು ಜನರ ಮುಂದೆ, ಕ್ಷಮೆ ಕೇಳುವಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅದೂ ಅವರನ್ನು ಚುಚ್ಚಿತು. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಫೈಲ್ ಓದಿದ್ರಾ?"

"ಇವತ್ತು ಓದ್ತೀನಿ ಸರ್."

ಮನೆಯಲ್ಲಿ ಸಹಾಯಮೇರಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತ ಕುಳಿತಿದ್ದರು. ವಿಲ್ಸನ್ ಗಿರಾಕಿಯ ಫೋನ್ ನಂಬರು ಹಿಡಿದು ಬಂದಿದ್ದ. ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಕಾರಿನಲ್ಲೇ ದೋಷವಿತ್ತು, ಈಗ ಸರಿಹೋಯಿತು ಎಂದರೆ ಮಗನ ಬಾಯಿ ಮುಚ್ಚುತ್ತಿತ್ತು, ಕಾಲಿನ ಮಾನವೂ ಉಳಿಯುತ್ತಿತ್ತು. ಸಹಾಯರಾಜ್ ಹೆಂಡತಿಯ ಎದುರಿಗೆ ನೆಲದ ಮೇಲೆ ಕುಳಿತು ನಾಲ್ಕು ಅವರೆಕಾಯಿ ಬಿಡಿಸಿದರು. ಐದನೆಯದಕ್ಕೆ ಎಲ್ಲ ಹೇಳಿಬಿಟ್ಟರು. ಪಂದ್ಯ, ಕಾಫಿ, ನ್ಯೂಟ್ರಲ್, ಒಂದು ತೊಟ್ಟು, ಎಲ್ಲ.

ಸಹಾಯಮೇರಿ ತಲೆಯೆತ್ತಲಿಲ್ಲ. "ನಾನು ಪಕ್ಕದಲ್ಲಿ ಕೂತಿದ್ದಾಗ್ಲೂನಾ?"

"ಹೂಂ."

"ನನ್ ತಂಗಿ ಹಿಂದೆ ಕೂತಿದ್ದಾಗ್ಲೂ."

"ಅವತ್ತು ಪಂದ್ಯ ಇರ್ಲಿಲ್ಲ ಕಣೇ. ನಂಗೆ ಗೊತ್ತೇ ಆಗ್ಲಿಲ್ಲ. ಕೈ ತಾನೇ ಹೋಗ್ಬುಟ್ಟಿದೆ."

ವಿಲ್ಸನ್ ಗಂಟಲು ಸರಿಮಾಡಿಕೊಂಡ. "ಅದಕ್ಕೇ ಹೇಳಿದ್ದು ಅಪ್ಪಾ, ವಯಸ್ಸಾದ್ಮೇಲೆ..."

"ವಯಸ್ಸಾಗಿ ಬಂದಿದ್ದಲ್ಲ ಕಣೋ ಇದು" ಎಂದರು ಸಹಾಯಮೇರಿ. "ಮದ್ವೆ ಆದಾಗ್ಲೂ ಹಿಂಗೇ. ಹುಟ್ಟುಗುಣ. ಆ ಗಿರಾಕಿಗೆ ಬೇಡ ಅನ್ನು." ಸೆರಗಿಗೆ ಕೈ ಒರೆಸಿಕೊಂಡು ಎದ್ದು ಚಪ್ಪಲಿ ಮೆಟ್ಟಿದರು. "ನಡೀರಿ. ಬೆಟ್ಟಕ್ಕೆ."

ಸುಮಾರು ಆರು ತಿಂಗಳ ಮೇಲೆ ಪಕ್ಕದ ಸೀಟಿಗೆ ಹೆಂಡತಿ ಬಂದರು. ಮೇಲೆ ಕಾರು ತಿರುಗಿಸಿಕೊಂಡಾಗ ಸಹಾಯಮೇರಿ ತಮ್ಮ ಬಲಗೈಯನ್ನು ಚಾಚಿ ಗೇರಿನ ಮೇಲೆ ಇಟ್ಟರು. ಅವರೆಕಾಯಿಯ ಸೊಗಡು ಇನ್ನೂ ಆ ಕೈಯಲ್ಲಿತ್ತು.

"ತೆಗಿಯೇ. ನಾನು ಮುಟ್ಟಲ್ಲ."

"ನಿಮ್ಮನ್ನ ನಂಬ್ತೀನಿ. ನಿಮ್ ಕೈನ ನಂಬಲ್ಲ."

ನಂದಿಯ ತಿರುವು ಬಂತು. ಹಿಂದಿನಿಂದ ಹಾರ್ನು ಹೊಡೆಯುತ್ತ ಸಿದ್ದಪ್ಪಾಜಿಯ ಪುಟ್ಟ ಕಾರು ಉರುಳಿಕೊಂಡು ಬಂದು ಪಕ್ಕಕ್ಕಾಯಿತು. "ಏನಯ್ಯಾ ರಾಜು, ಗೇರಲ್ಲೇ ಇಳೀತಾ ಇದೀಯ! ಎಂಗಾಗೋದ್ಯೋ ನೀನು!" ಎಂದು ಕಿಟಕಿಯಿಂದ ಕೂಗಿ ಮುಂದೆ ಹೋದರು. ಸಹಾಯರಾಜ್ ಅವರ ಕಿವಿ ಬಿಸಿಯಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಎಡಗೈ ಆಗಲೇ ಸ್ಟಿಯರಿಂಗ್ ಬಿಟ್ಟು ಕೆಳಗಿಳಿದಿತ್ತು. ಗೇರು ಸಿಗಬೇಕಾದ ಜಾಗದಲ್ಲಿ ಅದಕ್ಕೆ ಹೆಂಡತಿಯ ಕೈ ಸಿಕ್ಕಿತು. ಆ ಕೈ ಕದಲಲಿಲ್ಲ.

ಸಹಾಯರಾಜ್ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಾರು ತಾನಾಗಿಯೇ ತನ್ನನ್ನು ಹಿಡಿದುಕೊಂಡು ನಿಧಾನವಾಗಿ ಇಳಿಯಿತು. ಬಾನೆಟ್ಟು ಗುರ್ ಎನ್ನಲಿಲ್ಲ. ಸಿದ್ದಪ್ಪಾಜಿ ಗೆದ್ದು ಮುಂದೆ ಎಲ್ಲೋ ಕಾಯುತ್ತಿದ್ದರು.

"ಭಾನುವಾರ ಪೂಜೆಗೆ ಏಳಕ್ಕೆ ಹೊರಡ್ಬೇಕು" ಎಂದರು ಸಹಾಯಮೇರಿ, ಮುಂದಿನ ರಸ್ತೆ ನೋಡುತ್ತ. "ಆಟೊದವನಿಗೆ ಬರ್ಬೇಡ ಅಂತ ಹೇಳ್ಬಿಡಿ."

ತಾವರೆಕಟ್ಟೆ ದಾಟುವವರೆಗೂ ಅವರು ಗೇರಿನ ಮೇಲಿನ ಕೈ ತೆಗೆಯಲಿಲ್ಲ.